ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲೇ ನಿಂತುಬಿಟ್ಟ ಚುಕ್ಕೆ

ನಮ್ಮದು ದೋಣಿಯ ಮನೆ. ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅಪ್ಪ ಸಮುದ್ರಕ್ಕೆ ಹೊರಟರೂ ಅಷ್ಟೇ, ನಾನು ಕಾಲೇಜಿಗೆ ಹೊರಟರೂ ಅಷ್ಟೇ. ಹೋದವರು ಮರಳಿ ಬರುವತನಕ ಅವರು ಹೋದ ಜಾಗದ ಹೆಸರನ್ನು ಹೊರಗಿನವರಿಗೆ ಹೇಳುವಂತೆಯೂ ಇಲ್ಲ. ಆ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಹೆತ್ತ ಆಯಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಓದಿಸಿದ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದರಿಂದ ಸಿಕ್ಕಿದ್ದು ಹಳ್ಳಿ ತಿರುಗಿ, ಮನೆಮನೆಯ ನಳದ ನೀರನ್ನು ಸಣ್ಣ ಬಾಟಲಿಗಳಲ್ಲಿ ಪರೀಕ್ಷೆಗೆ ತುಂಬಿ ತರುವ ಕೆಲಸ. ಗುತ್ತಿಗೆ ಹಿಡಿದ ಸಂಸ್ಥೆಯ ಕಚೇರಿ ಕಾರವಾರದಲ್ಲಿ. ಅದರ ಹತ್ತಿರದ ಹಣಕೋಣ, ಕಿನ್ನರ ಹಳ್ಳಿಗಳು ಬೇರೆಯವರ ಪಾಲಿಗೆ. ಅಂಕೋಲೆಯವಳೆಂದು ನನಗೆ ರಾಮನಗುಳಿಯ ಕಡೆ. ನಾವು ನಿಜಕ್ಕೂ ತಿರುಗುತ್ತೇವೋ ಇಲ್ಲವೋ ಎಂದು ನೋಡಲು ನಮ್ಮ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ್ದರು. ಸಾಹೇಬರ ಕಂಪ್ಯೂಟರಿನ ನಕ್ಷೆಯಲ್ಲಿ ನಾನೊಂದು ನೀಲಿ ಚುಕ್ಕೆ.

ಒಂದು ದಿನ ಜೋರು ಮಳೆ. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಆ್ಯಪ್ ಚಾಲೂ ಮಾಡಿ, ಸ್ಕ್ರೀನ್ ಆರಿಸಿ, ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ರಾಮನಗುಳಿಯಲ್ಲಿ ಇಳಿದು, ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಸಂಜೆಯವರೆಗೆ ತಿರುಗಿದೆ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೇ ಬ್ಯಾಟರಿ ಉಳಿಸುವ ನೆಪದಲ್ಲಿ ಮೊಬೈಲು ಆ್ಯಪನ್ನು ಮಲಗಿಸಿಬಿಟ್ಟಿದ್ದು ನನಗೇನು ಗೊತ್ತು? ನಕ್ಷೆಯಲ್ಲಿ ನಾನು ದಿನವಿಡೀ ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ.

ಸಾಹೇಬರು ನನಗೆ ಫೋನು ಮಾಡಿದರೆ ಅಲ್ಲಿ ಸಿಗ್ನಲ್ ಇಲ್ಲ. ಮನೆಗೆ ಮಾಡಿದರು. ಆಯಿ ಎತ್ತಿದಳು. ನಾನೆಲ್ಲಿಗೆ ಹೋಗುವವಳೆಂದು ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ನಾನಾಗಿಯೇ ಅವಳಿಗೆ ಹೇಳಿದ್ದೆ. ಆದರೂ ಅವಳು ಹೇಳಿದ್ದು, ಹುಡುಗಿ ಹೋಗಿದೆ, ಬತ್ತದೆ, ಇಷ್ಟೇ. ಎಲ್ಲಿಗೆ ಎಂದು ಅವರು ಮತ್ತೆ ಮತ್ತೆ ಕೇಳಿದರಂತೆ.

"ಅದೆಲ್ಲ ಕೇಳೂದಲ್ಲ ತಮಾ," ಎಂದು ಆಯಿ ಫೋನು ಇಟ್ಟುಬಿಟ್ಟಳು.

ಮರುದಿನ ಕಾರವಾರದ ಕಚೇರಿಯಲ್ಲಿ ಸಾಹೇಬರು ನನ್ನೆದುರು ಬಿಳಿ ಹಾಳೆ ಸರಿಸಿದರು. ನಿನ್ನೆ ಕೆಲಸಕ್ಕೆ ಹೋಗಲಿಲ್ಲ, ತಪ್ಪಾಯಿತು ಎಂದು ಬರೆದುಕೊಡಬೇಕು. ಇಲ್ಲವಾದರೆ ಮುಂದಿನ ತಿಂಗಳಿಂದ ಬರುವುದು ಬೇಡ. ರಾಮನಗುಳಿಯ ನೀರು ಬಾಟಲಿಗಳಲ್ಲಿ ಅವರ ಮೇಜಿನ ಮೇಲೇ ಇತ್ತು.

"ನೀರು ಎಲ್ಲಾದ್ರೂ ಸಿಗುತ್ತೆ ಮೇಡಂ. ನೀವೆಲ್ಲಿದ್ರಿ ಅಂತ ನಿಮ್ಮ ತಾಯಿಗೇ ಗೊತ್ತಿಲ್ಲ."

ಮೈ ಉರಿದುಹೋಯಿತು. ಕಳ್ಳಿ ಎಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಹೊರಗೆ ಹೋದ ಹುಡುಗಿಯ ಬಗ್ಗೆ ಆ ಮಾತಿನ ಅರ್ಥ ಏನೆಂದು ಆ ಕೋಣೆಯಲ್ಲಿ ಕೂತ ಸಿಬ್ಬಂದಿಗೆಲ್ಲ ತಿಳಿಯುತ್ತಿತ್ತು.

"ಗೊತ್ತಿತ್ತು ಸರ್," ಎಂದೆ. "ನಿಮ್ಗೆ ಹೇಳ್ಲಿಲ್ಲ ಅಷ್ಟೇ."

ಹಾಳೆ ಮುಟ್ಟಲಿಲ್ಲ. ನಿನ್ನೆ ಮಾಡಿದಂತೆಯೇ ಅವರೆದುರು ಆ್ಯಪ್ ಚಾಲೂ ಮಾಡಿ, ಸ್ಕ್ರೀನ್ ಆರಿಸಿ, ಅದೇ ಕೊಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ನಕ್ಷೆ ನೋಡುತ್ತಿರಿ ಎಂದು ಹೇಳಿ ಸಮುದ್ರದ ದಂಡೆಗೆ ನಡೆದೆ. ಬೇಕೆಂದೇ ನಿಧಾನ ನಡೆದೆ. ಕಾಲಿಗೆ ನೀರು ತಾಗಿಸಿಕೊಂಡು ಮರಳಿ ಬಂದು, ಮರಳು ಮೆತ್ತಿದ ಚಪ್ಪಲಿಯಲ್ಲೇ ಅವರ ಮೇಜಿನ ಹತ್ತಿರ ನಿಂತೆ. ನಕ್ಷೆಯ ಪ್ರಕಾರ ನಾನು ಕಚೇರಿ ಬಿಟ್ಟು ಕದಲಿರಲಿಲ್ಲ.

ಅವರು ಪರದೆ ನೋಡಿದರು, ನನ್ನ ಕಾಲು ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು, ಸೆಟ್ಟಿಂಗ್ ನೀವೇ ಸರಿಮಾಡಿಕೊಳ್ಳಬೇಕಿತ್ತು ಎಂಬ ಮಾತು. ಆ್ಯಪ್ ಹಾಕಿಸಿದವರು ಅವರು, ಮಲಗಿಸಿದ್ದು ಮೊಬೈಲು, ತಪ್ಪು ಮಾತ್ರ ನನ್ನದು. ಅಲ್ಲೇ ಕೂತು ಸೆಟ್ಟಿಂಗಿನೊಳಗೆ ಹುಡುಕಿದೆ. ಸ್ಕ್ರೀನ್ ಆರಿದರೂ ಈ ಆ್ಯಪನ್ನು ನಿಲ್ಲಿಸಬೇಡ, ನಾನಿರುವ ಜಾಗ ಯಾವಾಗಲೂ ತಿಳಿಸು ಎಂದು ಒತ್ತಿದೆ. ಒತ್ತುವಾಗ ಕೈ ತಡೆಯಿತು. ನನ್ನ ಆಯಿ ಒಂದು ದಿನವೂ ಕೇಳದ್ದನ್ನು ಇವರು ಕ್ಷಣಕ್ಷಣಕ್ಕೂ ಕೇಳುತ್ತಾರೆ.

ಈಗ ಮನೆಗೆ ಫೋನು ಮಾಡಿ ಎಂದು ಪಟ್ಟು ಹಿಡಿದೆ. ಮಗಳು ನಿನ್ನೆ ಕೆಲಸಕ್ಕೆ ಹೋಗಿದ್ದು ನಿಜ ಎಂದು ನೀವೇ ಹೇಳಿ ಎಂದೆ. ಎಲ್ಲರೂ ನೋಡುತ್ತಿದ್ದುದರಿಂದ ಸಾಹೇಬರು ಮಾಡಿದರು. ಸ್ಪೀಕರಿನಲ್ಲಿ ಆಯಿಯ ದನಿ ಕೋಣೆ ತುಂಬ ಕೇಳಿಸಿತು.

"ಹೌದು, ನಿನ್ನೆ ರಾಮನಗುಳಿಗೆ ಹೋಗಿತ್ತು. ಬಂದಾಯ್ತಲ್ಲ, ಈಗ ಹೇಳೂಕೇನು? ಇವತ್ತೆಲ್ಲಿಗೆ ಅಂತ ಮಾತ್ರ ಕೇಳ್ಬೇಡ ತಮಾ."

ನಾನು ಅವರೆದುರೇ ನಿಂತಿದ್ದೆ. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಹಾಜರಿ ಹಾಕಿದರು, ಕೆಲಸ ಉಳಿಯಿತು. ತಪ್ಪಾಯಿತು ಎಂದು ಮಾತ್ರ ಅವರು ಹೇಳಲಿಲ್ಲ. ನನ್ನಿಂದ ಅದನ್ನು ಬರೆಸಲೆಂದು ತೆಗೆದಿಟ್ಟ ಹಾಳೆ ಖಾಲಿಯಾಗಿ ಮೇಜಿನ ಮೇಲೇ ಇತ್ತು. ಅದನ್ನು ಅವರ ಕಡೆಗೇ ಸರಿಸಿ ಹೊರಗೆ ಬಂದೆ.