ಡಬ್ಬಿಗೆ ಹೋದ ಹಾಸು

ಮೊಮ್ಮಗಳು ಬೇಲಾಪುರದ ಕಡೆ ಟೆಕ್ಸ್‌ಟೈಲ್ ಡಿಸೈನ್ ಓದುತ್ತಾಳೆ. ಹೋದ ತಿಂಗಳು ನಮ್ಮ ಡೊಂಬಿವಲಿ ಮನೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು, ಹದಿನೆಂಟನೆಯ ಶತಮಾನದ ಫ್ರಾನ್ಸಿನ ಅಚ್ಚುಬಟ್ಟೆಗಳನ್ನು ತೋರಿಸಿದಳು. ಬಿಳಿ ಹತ್ತಿಯ ಮೇಲೆ ಒಂದೇ ಗುಲಾಬಿ ಬಣ್ಣದಲ್ಲಿ ಕುರಿ ಕಾಯುವ ಹುಡುಗಿ, ಉಯ್ಯಾಲೆ, ಪಾಳುಬಿದ್ದ ಕಂಬಗಳು.

ನನಗದು ಹೊಸದಲ್ಲ. ಠಾಣೆಯಲ್ಲಿ ನಾನು ಓದಿದ ಕಾನ್ವೆಂಟಿನ ಪಾರ್ಲರಿನಲ್ಲಿ ಅಂಥದೇ ಪರದೆ ಇತ್ತು. ನಕಲೇ ಇರಬೇಕು. ಆದರೂ ಸಿಸ್ಟರ್ ತುಟಿ ದುಂಡಗೆ ಮಾಡಿ ಅದರ ಫ್ರೆಂಚ್ ಹೆಸರು ‘ಟ್ವಾಲ್’ ಎಂದಾಗ, ಟೇಸ್ಟ್ ಎಂದರೆ ಇದೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಹಾಸೊಂದಿತ್ತು. ಉಡುಪಿಯಿಂದ ಟ್ರಂಕಿನಲ್ಲಿ ತಂದದ್ದು, ಅವರ ಅಜ್ಜನ ಕಾಲದಲ್ಲಿ ಮಚಲಿಪಟ್ಟಣದವರು ಕೈಯಿಂದ ಚಿತ್ರ ಬರೆದ ಹತ್ತಿ ಬಟ್ಟೆ. ಬೇರಿನಿಂದ ತೆಗೆದ ಕೆಂಪು, ನಡುವೆ ಒಂದು ಮರ, ಒಂದೇ ಮರದಲ್ಲಿ ಹತ್ತು ಬಗೆಯ ಹೂ. ನೆಂಟರು ಬಂದರೆ ಮಾತ್ರ ಹಾಸುತ್ತಿದ್ದರು. ನನ್ನ ಕಾನ್ವೆಂಟ್ ಗೆಳತಿಯರು ಬಂದ ದಿನವೂ ಪ್ರೀತಿಯಿಂದ ಹಾಸಿದರು. ಸೋ ನೇಟಿವ್ ಎನ್ನಿಸಿ ನಾಚಿಕೆಯಾಗಿ, ನಾನು ಆ ಮರ ಅವರಿಗೆ ಕಾಣದಂತೆ ಅದರ ಮೇಲೆ ಅಡ್ಡ ಕೂತುಬಿಟ್ಟೆ.

ಮರುವಾರ ಅತ್ತೆ ಮಧ್ಯಾಹ್ನ ಮಲಗಿದ್ದಾಗ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡಿವಾಲಿ ಬಾಗಿಲಿಗೆ ಬಂದಳು. ಎರಡು ಸೀರೆ, ಒಂದು ಪ್ಯಾಂಟು ಕೊಟ್ಟರೂ ಮುಚ್ಚಳದ ಡಬ್ಬಿಗೆ ಇನ್ನೊಂದು ಬಟ್ಟೆ ಬೇಕೆಂದು ಹಟ ಹಿಡಿದಳು. ಒಳಗೆ ಹೋಗಿ ಹಾಸನ್ನು ತಂದುಕೊಟ್ಟೆ. ಬಿಚ್ಚಿಯೂ ನೋಡದೆ ಗಂಟಿಗೆ ತುರುಕಿಕೊಂಡಳು.

ಅತ್ತೆ ಹುಡುಕಿದಾಗ, ಧೋಬಿಗೆ ಹಾಕಿದ್ದೆ, ಅವನು ವಾಪಸ್ ತರಲಿಲ್ಲ ಎಂದೆ.

“ಅವ ಅಂಥವ ಅಲ್ಲ ಮಾರಾಯ್ತಿ” ಎಂದರು ಅತ್ತೆ. ಆಮೇಲೆ ನನ್ನನ್ನೇ ನಂಬಿದರು. ಸಿಸ್ಟರುಗಳ ಕೈಯಲ್ಲಿ ಬೆಳೆದವಳು, ಸುಳ್ಳು ಹೇಳುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದವರು ಅವರೇ. ಧೋಬಿ ಬಾಗಿಲಲ್ಲಿ ನಿಂತು ಮಕ್ಕಳ ಮೇಲೆ ಆಣೆ ಇಟ್ಟ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡೆ. ತಿಂಗಳೊಳಗೆ ಇಡೀ ಬಿಲ್ಡಿಂಗ್ ಅವನಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿತು.

ಮೊಮ್ಮಗಳು ಹೇಳುತ್ತಾ ಹೋದಳು: ಫ್ರಾನ್ಸಿನವರಿಗೆ ನಮ್ಮ ಮಚಲಿಪಟ್ಟಣದಂಥ ಬಟ್ಟೆಯ ಹುಚ್ಚೇ ಹಿಡಿದಿತ್ತಂತೆ, ದೊರೆ ನಿಷೇಧಿಸಿದರೂ ಹೆಂಗಸರು ಕದ್ದು ತರಿಸಿ ಉಡುತ್ತಿದ್ದರಂತೆ, ಇದನ್ನು ನಕಲು ಮಾಡಿ ಮಾಡಿ ಕೈ ಪಳಗಿದ ಮೇಲೆಯೇ ಆ ಗುಲಾಬಿ ಹುಡುಗಿ ಬಂದದ್ದಂತೆ. ತನ್ನ ಪ್ರಬಂಧದ ಕೊನೆಯ ಪುಟದಲ್ಲಿ ಬರೆದಿದ್ದಳು: ನಮ್ಮ ಮನೆಯಲ್ಲೂ ಒಂದಿತ್ತು, ಧೋಬಿ ಕದ್ದ. ಸೋಮವಾರ ಕ್ಲಾಸಿನಲ್ಲಿ ಓದುವುದಿತ್ತು.

“ಅಜ್ಜಿ, ವೋ ಧೋಬಿವಾಲಾ ಕಿಸ್ಸಾ ಸಹೀ ಹೈ ನಾ?”

ಅತ್ತೆ ಈಗಿಲ್ಲ. ಹೂಂ, ಆ ಕಥೆ ನಿಜವೇ ಎಂದಿದ್ದರೆ ಮುಗಿಯುತ್ತಿತ್ತು. ಎದ್ದು ಹೋಗಿ, ಈಗ ರವೆ ತುಂಬಿಡುವ ಆ ಮುಚ್ಚಳದ ಡಬ್ಬಿ ತಂದು ಅವಳ ಮುಂದಿಟ್ಟೆ.

“ಧೋಬಿ ಅಲ್ಲ ಮಗಾ. ನಾನೇ. ಹಾಸು ಕೊಟ್ಟುಬಿಟ್ಟೆ, ಇದಕ್ಕೋಸ್ಕರ.”

ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಆಮೇಲೆ ಆ ಸಾಲನ್ನು ಅಳಿಸಿದಳು. ನಿನ್ನ ಹೆಸರು ಹಾಕಲೇ ಎಂದು ಕೇಳಿದಳು, ಹಾಕು ಎಂದೆ. ಧೋಬಿಯ ಹೆಸರೇನು ಎಂದಳು. ಒಂಬತ್ತು ವರ್ಷ ವಾರವಾರವೂ ನಮ್ಮ ಬಾಗಿಲಿಗೆ ಬಂದವನ ಹೆಸರು ನನಗೆ ಗೊತ್ತೇ ಇರಲಿಲ್ಲ.