ಅರ ಹಾಕಿ ಉಜ್ಜಿದ ಉಬ್ಬು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಸಾಗರದ ಬಸ್ ಶೆಡ್ಡಿನಲ್ಲಿ ಫಿಟ್ಟರ್ ಆದ ಮೇಲೆ ಅದರ ಜೊತೆಗೆ ಜಂಬವೂ ಬಂತು. ಅರವತ್ತರ ದಶಕದ ಮಾತು ಇದು. ನನಗೆ ಆಗ ಇಪ್ಪತ್ತೆರಡು. ನಾನು ಬಿಗಿದ ನಟ್ಟು ನಾನೇ ಬಿಚ್ಚಬೇಕು, ಬೇರೆಯವರ ಕೈಯಲ್ಲಿ ಆಗುವ ಮಾತಲ್ಲ ಅಂತ ಶೆಡ್ಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಯಾರಾದರೂ ‘ಹಂಗಲ್ಲ, ಹಿಂಗೆ ಮಾಡು’ ಅಂದರೆ ಮುಗಿಯಿತು, ಸ್ಪ್ಯಾನರ್ ಅವರ ಕೈಗೆ ಕೊಟ್ಟು ‘ನೀವೇ ಮಾಡಿ, ನಾನು ನೋಡ್ತೀನಿ’ ಅಂತ ಪಕ್ಕಕ್ಕೆ ನಿಲ್ಲುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಹುಡುಗನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸುತ್ತದೆ.

ಆ ಕೆಲಸ ಕೊಡಿಸಿದವರು ನಮ್ಮ ಭಾವ, ಅಕ್ಕನ ಗಂಡ. ಅವರು ಆ ಶೆಡ್ಡಿನ ಮಾಲೀಕರಾದ ಸಾಹುಕಾರರ ಬಸ್ಸಿನ ಡ್ರೈವರು. ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ಸಂಜೆಗೆ ವಾಪಸ್ಸು. ನಾನು ಇದ್ದದ್ದೂ ಅವರ ಮನೆಯಲ್ಲೇ. ಭಾವ ಮಾತು ಕಡಿಮೆ. ದಾರಿಯುದ್ದಕ್ಕೂ ಜನ ಅವರಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು. ಅವರು ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದರು, ಅಷ್ಟೇ. ಡ್ರೈವರ್ ಕೆಲಸ ಅಂದರೆ ಅವರಿಗೆ ಸಂಬಳದ ವಿಷಯ ಮಾತ್ರ ಆಗಿರಲಿಲ್ಲ.

ಆಗಿನದು ಮುಂದೆ ಮೂತಿ ಇದ್ದ ಬಸ್ಸು. ಆ ಮೂತಿಯೊಳಗೆ ಇಂಜಿನ್ನು, ಅದರ ಮುಂದೆ ರೇಡಿಯೇಟರು. ಇಂಜಿನ್ನಿನಲ್ಲಿ ಕಾದ ನೀರು ಮೇಲಿನ ಹೋಸಿನಲ್ಲಿ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ, ಕೆಳಗಿನ ಹೋಸಿನಲ್ಲಿ ವಾಪಸ್ಸು ಬರಬೇಕು. ಹೋಸು ಅಂದರೆ ಗೇಣುದ್ದದ ದಪ್ಪ ರಬ್ಬರ್ ಕೊಳವೆ. ಇಂಜಿನ್ನು ಅದುರುತ್ತದೆ, ರೇಡಿಯೇಟರು ಬೇರೆ ಥರ ಅದುರುತ್ತದೆ. ನಡುವೆ ಕಬ್ಬಿಣದ ಪೈಪು ಹಾಕಿದರೆ ಒಡೆದು ಹೋಗುತ್ತದೆ, ಅದಕ್ಕೇ ರಬ್ಬರು. ಅದರ ಎರಡು ತುದಿಯನ್ನೂ ಪೈಪಿನ ಬಾಯಿಗೆ ತೊಡಿಸಿ ತಗಡಿನ ಕ್ಲಿಪ್ಪು ಹಾಕಿ ಬಿಗಿಯಬೇಕು. ಮೊನ್ನೆ ಪೇಪರಿನಲ್ಲಿ ಓದಿದೆ, ಈಗ ದೊಡ್ಡ ದೊಡ್ಡ ಕಂಪ್ಯೂಟರುಗಳಿಗೂ ಹೀಗೇ ಕೊಳವೆ ಹಾಕಿ ನೀರು ಹರಿಸಿ ತಣ್ಣಗೆ ಮಾಡುತ್ತಾರಂತೆ. ಆ ಜೋಡಣೆ ಬಿಚ್ಚದ ಹಾಗೆ ಮಾಡುವುದು ಹೇಗೆ ಅಂತ ಇಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದಾರಂತೆ. ಕೆಡಿಸಿಕೊಳ್ಳಲಿ ಪಾಪ, ಅದು ಸಣ್ಣ ಕೆಲಸ ಅಂತ ತಿಳಿದವನ ಗತಿ ಏನಾಯಿತು ಅಂತ ನನಗೆ ಗೊತ್ತು.

ಆ ಬೇಸಿಗೆಯಲ್ಲಿ ಭಾವನ ಬಸ್ಸಿನ ಮೇಲಿನ ಹೋಸು ಬಿರುಕು ಬಿಟ್ಟಿತ್ತು. ಶಿವಮೊಗ್ಗದಿಂದ ಹೊಸದು ತರಿಸಿದರು. ತಂದವರು ಅಳತೆ ತಪ್ಪಿಸಿದ್ದರು, ಬಾಯಿ ಒಂದು ನೂಲು ಸಣ್ಣ. ಇಂಜಿನ್ನಿನ ಪೈಪಿನ ತುದಿಯಲ್ಲಿ ಸುತ್ತಲೂ ಬಳೆಯ ಹಾಗೆ ಒಂದು ಉಬ್ಬು ಇತ್ತು. ಎಷ್ಟು ನೂಕಿದರೂ ಹೋಸು ಆ ಉಬ್ಬು ದಾಟಲಿಲ್ಲ. ಬೆವರು ಕಿತ್ತುಕೊಂಡು ಬಂತು, ಸಿಟ್ಟೂ ಬಂತು. ಎರಕ ಹೊಯ್ಯುವಾಗ ಉಳಿದ ಗಂಟು ಇದು, ಮಾಡಿದವನಿಗೆ ನೀಟು ಇಲ್ಲ ಅಂತ ಬೈದುಕೊಂಡೆ. ಅರ ತಗೊಂಡು ಕೂತು ಆ ಉಬ್ಬನ್ನು ಪೂರ್ತಿ ಉಜ್ಜಿ ತೆಗೆದೆ. ಪೈಪು ಕನ್ನಡಿಯ ಹಾಗೆ ನುಣುಪಾಯಿತು. ಅದಕ್ಕೆ ಹರಳೆಣ್ಣೆ ಸವರಿ ಹೋಸು ಹಿಡಿದು ಒತ್ತಿದೆ ನೋಡಿ, ಸರ್ರನೆ ಹೋಗಿ ಕೂತಿತು. ಕ್ಲಿಪ್ಪನ್ನು ಕೈ ನೋಯುವಷ್ಟು ಬಿಗಿದೆ. ‘ಭಾವ, ಇದು ಜಪ್ಪಯ್ಯ ಅಂದ್ರೂ ಬರಲ್ಲ’ ಅಂದೆ. ಅವರು ಬಾನೆಟ್ಟು ಮುಚ್ಚಿ ಹೊರಟರು.

ಮಾರನೇ ದಿನ ಮಧ್ಯಾಹ್ನ ಬೇರೆ ಬಸ್ಸಿನಲ್ಲಿ ಕಂಡಕ್ಟರು ಓಡಿ ಬಂದ. ಹೊಸನಗರ ದಾಟಿ ತೀರ್ಥಹಳ್ಳಿ ಕಡೆಯ ಏರಿನಲ್ಲಿ ಹೋಸು ಕಿತ್ತುಕೊಂಡು ಬಂದು ನೀರೆಲ್ಲ ಚೆಲ್ಲಿ ಹೋಗಿತ್ತು. ಮುಂದೆಲ್ಲ ಹಬೆ. ಬಸ್ಸಿನ ತುಂಬ ಜನ. ಏರಿನ ನಡುವೆ ನಿಲ್ಲಿಸಿದರೆ ಹಿಂದಕ್ಕೆ ಜಾರೀತು ಅಂತ ಭಾವ ಒಂದು ಫರ್ಲಾಂಗು ಹಾಗೇ ಏರಿಸಿ, ಸಮತಟ್ಟು ಸಿಕ್ಕ ಮೇಲೆ ನಿಲ್ಲಿಸಿದ್ದರು. ಅಷ್ಟರಲ್ಲಿ ಇಂಜಿನ್ನು ಕಾದು ಅದರ ಹೆಡ್ಡು, ಅಂದರೆ ಮೇಲಿನ ಕಬ್ಬಿಣದ ಮುಚ್ಚಳ, ಸೀಳಿತ್ತು. ಬಾನೆಟ್ಟು ಎತ್ತಿ ಹೋಸಿಗೆ ಕೈ ಹಾಕಿದಾಗ ಭಾವನ ಬಲಗೈ ಮೊಣಕೈವರೆಗೆ ಸುಟ್ಟು ಬೊಬ್ಬೆ ಎದ್ದಿತ್ತು.

ಲಾರಿಗೆ ಕಟ್ಟಿ ಬಸ್ಸನ್ನು ಶೆಡ್ಡಿಗೆ ತಂದರು. ಸಾಹುಕಾರರು ಕೆಟ್ಟವರಲ್ಲ, ಆದರೆ ಇಂಜಿನ್ನಿನ ಹೆಡ್ಡು ಸೀಳಿದ್ದನ್ನು ನೋಡಿ ಅವರ ಮುಖ ಕಪ್ಪಿಟ್ಟಿತು.

“ಹಬೆ ಕಂಡ ಕೂಡ್ಲೇ ನಿಲ್ಸಕ್ಕೆ ಎಂತ ಆಗಿತ್ತು ನಿಂಗೆ?”

“ಏರಲ್ಲಿ ಜನ ತುಂಬಿದ್ರು ಸಾವ್ಕಾರ್ರೆ,” ಅಂದರು ಭಾವ. ಅಷ್ಟೇ ಅಂದದ್ದು.

ಸಾಹುಕಾರರು ನನ್ನ ಕಡೆ ತಿರುಗಿದರು. “ಹೋಸು ಸರಿಯಾಗಿ ಬಿಗಿದಿದ್ಯೇನೋ?”

“ಬಿಗಿದಿದ್ದೆ ಸಾವ್ಕಾರ್ರೆ. ನನ್ನ ಕೈಯಲ್ಲಿ ಸಡಿಲ ಆಗೋ ಮಾತೇ ಇಲ್ಲ.”

ಅದು ಸುಳ್ಳಲ್ಲ. ಬಿಗಿದಿದ್ದೆ. ಭಾವ ನನ್ನ ಮುಖ ಒಂದು ಸಲ ನೋಡಿದರು. ನೀರು ನೋಡದೆ ಓಡಿಸಿದ್ದು ಡ್ರೈವರನ ತಪ್ಪು ಅಂತ ತೀರ್ಮಾನವಾಯಿತು. ಹೆಡ್ಡು ರಿಪೇರಿಗೆ ಶಿವಮೊಗ್ಗಕ್ಕೆ ಹೋಯಿತು. ಭಾವನನ್ನು ಕೆಲಸದಿಂದ ತೆಗೆಯಲಿಲ್ಲ. ಸ್ಟೇರಿಂಗಿನಿಂದ ಇಳಿಸಿ ಶೆಡ್ಡಿನಲ್ಲಿ ಬಸ್ಸು ತೊಳೆಯಲು ಹಾಕಿದರು. ರಿಪೇರಿ ಆಗಿ ಬಂದ ಮೇಲೆ ಆ ಬಸ್ಸಿಗೆ ಹೊಸ ಡ್ರೈವರು ಬರುತ್ತಾನೆ ಅಂತಲೂ ಹೇಳಿದರು.

ಮಾರನೇ ದಿನದಿಂದ ಭಾವ ಪಂಚೆ ಮೇಲೆ ಕಟ್ಟಿ, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಬಸ್ಸು ತೊಳೆಯುತ್ತಿದ್ದರು. ದಾರಿಯಲ್ಲಿ ನಮಸ್ಕಾರ ಮಾಡುತ್ತಿದ್ದ ಜನವೇ ಬಂದು ‘ಎಂತ ಡ್ರೈವರ್ರೆ, ಇಲ್ಲಿ?’ ಅಂತ ಕೇಳುವರು. ಅವರು ನಗುವರು. ಹತ್ತು ಮಾರು ದೂರದಲ್ಲಿ ನಾನು ಇಂಜಿನ್ನು ಬಿಚ್ಚುತ್ತಾ ಕೂತಿರುತ್ತಿದ್ದೆ. ಭಾವ ಹೀಗೆ ಎಡವಟ್ಟು ಮಾಡಿಕೊಳ್ಳಬಾರದಿತ್ತು, ಕ್ಲಿಪ್ಪು ಆಗಾಗ ನೋಡಬೇಕಿತ್ತು ಅಂತ ಮನಸ್ಸಿನಲ್ಲೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ನಾಚಿಕೆಗೆಟ್ಟ ಜನ್ಮ!

ಅಕ್ಕ ಆಗ ಏಳು ತಿಂಗಳ ಬಸುರಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಬಸ್ಸು ಕೆಟ್ಟ ಏಳನೇ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ಅಕ್ಕ ಒಲೆಯ ಮುಂದೆ ಕೂತು ಬೆರಳಿನ ಉಂಗುರ ತೆಗೆಯಲು ಒದ್ದಾಡುತ್ತಿದ್ದಳು.

“ಕೈಯೆಲ್ಲ ಬಾತ್ಕೊಂಡಿದೆ ಕಣೋ. ಈ ಗೆಣ್ಣು ದಾಟ್ತಾನೇ ಇಲ್ಲ ನೋಡು. ಗೆಣ್ಣು ಒಂದು ಇಲ್ದಿದ್ರೆ ಉಂಗುರ ಎಂತಕ್ಕೆ ನಿಲ್ತಿತ್ತು, ಎಂದೋ ಬಾವಿಗೆ ಬಿದ್ದು ಹೋಗ್ತಿತ್ತು,” ಅಂತ ನಕ್ಕಳು. ಆಮೇಲೆ ಕೊಬ್ಬರಿ ಎಣ್ಣೆ ತಗೊಂಡು ಬೆರಳಿಗೆ ಸವರಿ ಒಂದು ಸುತ್ತು ತಿರುಗಿಸಿದಳು. ಉಂಗುರ ಜಾರಿ ಅಂಗೈಗೆ ಬಂತು.

ಕಾಫಿ ಲೋಟ ಕೆಳಗಿಟ್ಟೆ. ಎಣ್ಣೆ ಹಚ್ಚುವುದು ತೆಗೆಯುವುದಕ್ಕೆ! ನಾನು ಹಾಕುವುದಕ್ಕೆ ಹಚ್ಚಿದ್ದೆ. ಆ ಉಬ್ಬು ಎರಕದ ಗಂಟಲ್ಲ, ಪೈಪಿನ ಗೆಣ್ಣು. ಹೋಸು ಅದನ್ನು ದಾಟಿ ಕೂತು, ಅದರ ಹಿಂದೆ ಕ್ಲಿಪ್ಪು ಬಿದ್ದರೆ ಎಷ್ಟು ಅದುರಿದರೂ ಹೊರಗೆ ಬರಲು ಆಗುತ್ತಿರಲಿಲ್ಲ. ಅದನ್ನೇ ಕೂತು ಉಜ್ಜಿ ತೆಗೆದವನು ನಾನು. ಅಯ್ಯೋ ಶಿವನೇ ಅಂದೆ. ‘ಎಂತ ಆಯ್ತಾ?’ ಅಂದಳು ಅಕ್ಕ. ಬಾಯಿ ಸುಟ್ಟಿತು ಅಂದುಬಿಟ್ಟೆ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಆ ಪೈಪು ಬಿಚ್ಚಿಕೊಂಡು ಪೇಟೆಯಲ್ಲಿ ಹಿತ್ತಾಳೆ ಬೆಸುಗೆ ಹಾಕುವವರ ಹತ್ತಿರ ಓಡಿದೆ. ತುದಿಯಲ್ಲಿ ಸುತ್ತಲೂ ಹಿತ್ತಾಳೆ ಏರಿಸಿ ಮತ್ತೆ ಒಂದು ಉಬ್ಬು ಕೂರಿಸಿಕೊಟ್ಟರು. ಸರಿಯಾದ ಅಳತೆಯ ಹೋಸು ತರಿಸಿದೆ. ಎಣ್ಣೆ ಮುಟ್ಟಲಿಲ್ಲ, ಹೋಸಿನ ಬಾಯಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಒದ್ದೆಯಲ್ಲೇ ತೊಡಿಸಿದೆ. ನೀರು ಆರಿದ ಮೇಲೆ ರಬ್ಬರು ಪೈಪಿಗೆ ಕಚ್ಚಿಕೊಂಡಿತು. ಕ್ಲಿಪ್ಪನ್ನು ಸಿಟ್ಟಿನಲ್ಲಿ ಬಿಗಿದರೆ ಅದು ರಬ್ಬರನ್ನೇ ಕತ್ತರಿಸುತ್ತದೆ ಅಂತಲೂ ಆಗಲೇ ಕಣ್ಣಿಗೆ ಬಿತ್ತು, ಕಿತ್ತುಕೊಂಡು ಬಂದಿದ್ದ ಹೋಸಿನ ಮೇಲೆ ನಾನು ಬಿಗಿದ ಕಡೆ ಚಾಕುವಿನ ಗೀರಿನಂಥ ಗುರುತಿತ್ತು. ಎಲ್ಲವನ್ನೂ ಗುಟ್ಟಾಗಿ ಮಾಡಿದೆ. ಇನ್ನು ಈ ಬಸ್ಸಿನ ಹೋಸು ಬಿಚ್ಚುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ತಲೆಯೆತ್ತಿದರೆ ಭಾವ ಎಡಗೈಯಲ್ಲಿ ಗಾಲಿ ತೊಳೆಯುತ್ತಿರುತ್ತಿದ್ದರು. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಿಗೆ, ನನಗೆ ಕೆಲಸ ಬರುವುದಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ ಅನ್ನುವುದು ಇತ್ತು. ಹೀಗೆ ನಾಲ್ಕು ದಿನ ಕಳೆಯಿತು.

ಹನ್ನೊಂದನೇ ದಿನ ಬಸ್ಸು ರೆಡಿಯಾಯಿತು. ಹೊಸ ಡ್ರೈವರು ಬಂದ. ಭಾವ ಆ ಬಸ್ಸಿನ ಮುಂದಿನ ಗಾಜು ಒರೆಸಿ, ಸೀಟಿನ ಮೇಲಿನ ಧೂಳು ಕೊಡವಿ, ಅವನಿಗೆ ಬಾಗಿಲು ತೆಗೆದುಕೊಟ್ಟರು. “ಎರಡನೇ ಗೇರು ಸ್ವಲ್ಪ ಗಟ್ಟಿ, ನಿಧಾನಕ್ಕೆ ಹಾಕಿ,” ಅಂತ ಹೇಳಿಕೊಡುತ್ತಿದ್ದರು. ನನಗೆ ತಡೆಯಲು ಆಗಲಿಲ್ಲ.

“ಸಾವ್ಕಾರ್ರೆ, ಬಸ್ಸು ಬಿಡ್ಬೇಡಿ,” ಅಂದೆ. “ತಪ್ಪು ಭಾವಂದಲ್ಲ. ನಂದು.”

ಬಾಯಿಯಲ್ಲಿ ಹೇಳಿದರೆ ಅರ್ಥವಾಗಲಿಲ್ಲ ಅವರಿಗೆ. ಕೊನೆಗೆ ಒಂದು ನುಣುಪು ಪೈಪಿಗೆ ಹರಳೆಣ್ಣೆ ಹಚ್ಚಿ, ಆ ಅಳತೆ ತಪ್ಪಿದ ಹೋಸು ತೊಡಿಸಿ, ಅವರ ಕೈಯಲ್ಲೇ ಕ್ಲಿಪ್ಪು ಬಿಗಿಸಿ, ಹೋಸಿಗೆ ನೀರು ತುಂಬಿದ ಬಕೆಟ್ಟು ನೇತು ಹಾಕಿದೆ. ಎರಡು ಸಲ ಅಲ್ಲಾಡಿಸಿದ್ದೇ ತಡ, ಹೋಸು ಜಾರಿ ಬಕೆಟ್ಟು ಅವರ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ಬಸ್ಸಿನ ಪೈಪನ್ನು ಹೋಸಿನ ಸಮೇತ ಬಿಚ್ಚಿ ತೋರಿಸಿದೆ. ಆ ಹೋಸಿಗೆ ಬಕೆಟ್ಟು ನೇತು ಹಾಕಿ, ಅದರ ಮೇಲೆ ನಾನೂ ಜೋತು ಬಿದ್ದೆ. ಹೋಸು ಮಿಸುಕಲಿಲ್ಲ. ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು. ನನ್ನ ಜಂಬದ ಮಾತು ಕೇಳಿದವರೇ ಎಲ್ಲರೂ.

ಸಾಹುಕಾರರು ಒದ್ದೆ ಚಪ್ಪಲಿ ಕೊಡವಿದರು. ಹೊಸ ಡ್ರೈವರನಿಗೆ ಬೇರೆ ಬಸ್ಸು ತೋರಿಸಿದರು. ನಾನು ಪೈಪು ಮತ್ತೆ ಕೂರಿಸಿದ ಮೇಲೆ ಭಾವನಿಗೆ, “ಹತ್ತು ಮಾರಾಯ, ಹೊತ್ತಾಯ್ತು,” ಅಂದರು. ನನ್ನನ್ನು ಕಳಿಸಿಬಿಡುತ್ತಾರೆ ಅಂತ ಬಟ್ಟೆಯಲ್ಲಿ ಕೈ ಒರೆಸಿಕೊಂಡು ನಿಂತಿದ್ದೆ. “ನೀನೆಲ್ಲಿಗೆ ಹೋಗ್ತೀಯ? ಒಂದು ತಿಂಗಳು ಇದೇ ಬಸ್ಸಲ್ಲಿ ಕೂತು ಹೋಗಿ ಬಾ. ಹೋಸು ಬಿಚ್ಚಿದ್ರೆ ಕೊಡ ಹೊತ್ತು ನೀರು ತರೋನು ನೀನೇ,” ಅಂದರು. ಎಲ್ಲರೂ ನಕ್ಕರು. ಎಷ್ಟು ಹಗುರಾಯಿತು ಅಂದರೆ ನಾನೂ ನಕ್ಕೆ.

ಹೊಸನಗರ ದಾಟುವವರೆಗೂ ಭಾವ ಎಂದಿನ ಹಾಗೇ ಬಸ್ಸು ಓಡಿಸಿದರು. ಬೆರಳೆತ್ತಿ ನಮಸ್ಕಾರ ತಗೊಳ್ಳುತ್ತಿದ್ದರು. ಏರು ಹತ್ತಿ ಸಮತಟ್ಟಿಗೆ ಬಂದ ಮೇಲೆ ಬಸ್ಸು ನಿಲ್ಲಿಸಿ, “ಬಿಸಿಯಲ್ಲಿ ಒಂದ್ಸಲ ಕ್ಲಿಪ್ಪು ನೋಡು,” ಅಂದರು. ರಬ್ಬರು ಕಾದ ಮೇಲೆ ಮೆತ್ತಗಾಗಿ ಕ್ಲಿಪ್ಪು ಅರ್ಧ ಸುತ್ತು ಸಡಿಲ ಬಿಟ್ಟಿರುತ್ತದೆ. ನಾನು ಸ್ಪ್ಯಾನರು ಹಿಡಿದು ಬಗ್ಗಿದೆ. ಅವರು ಪಕ್ಕದಲ್ಲಿ ಬಂದು ನಿಂತರು.

“ಭಾವ, ನಿಮಗೆ ಗೊತ್ತಿತ್ತಾ?”

“ಅವತ್ತು ಇಲ್ಲೇ ಹೋಸು ಕೈಗೆ ತಗೊಂಡಾಗ್ಲೇ ಗೊತ್ತಾಯ್ತು. ಹರಳೆಣ್ಣೆ ವಾಸನೆ ಎರಡು ದಿನ ಕೈಯಿಂದ ಹೋಗ್ಲಿಲ್ಲ.”

“ಮತ್ತೆ ಸಾವ್ಕಾರ್ರ ಹತ್ರ ಎಂತಕ್ಕೆ ಹೇಳ್ಲಿಲ್ಲ?”

“ನಾನು ಹೇಳಿದ್ರೆ ನಿನ್ನ ಕಳಿಸಿಬಿಡ್ತಿದ್ರು. ನೀನೇ ಹೇಳಿದ್ರೆ ಇಟ್ಕೊಳ್ತಾರೆ ಅಂತ ಗೊತ್ತಿತ್ತು.”

“ಏಳು ದಿನ ನಂಗೇ ಗೊತ್ತಿರ್ಲಿಲ್ಲ ಭಾವ, ದೇವರಾಣೆ.”

“ಇರ್ಬಹುದು,” ಅಂದರು ಅವರು. “ಉಳಿದ ನಾಕು ದಿನ?”

ಕ್ಲಿಪ್ಪಿನ ಮೇಲೆ ಕಣ್ಣಿಟ್ಟುಕೊಂಡು ನಿಂತೆ. ಭಾವ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಸುಟ್ಟ ಕೈಯೇ.

“ನಾನಾದ್ರೂ ಸುಮ್ನಿದ್ದೆ ಮಾರಾಯ. ನಿಮ್ಮಕ್ಕ ದಿನಾ ಸಂಜೆ ಕೇಳ್ತಿದ್ಲು, ಇವತ್ತು ಹೇಳಿದ್ನಾ ಅಂತ.”

ಹನ್ನೊಂದು ದಿನವೂ ಅಕ್ಕ ನನಗೆ ಬಡಿಸಿದ್ದಳು. ಒಂದು ದಿನವೂ ಒಂದು ಮಾತು ಕೇಳಲಿಲ್ಲ, ಒಂದು ತುತ್ತು ಕಡಿಮೆ ಹಾಕಲಿಲ್ಲ. ಬಸ್ಸಿನಲ್ಲಿದ್ದ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು, ನಾನು ಬಾನೆಟ್ಟಿನೊಳಗೆ ಮುಖ ಹುದುಗಿಸಿ ಅತ್ತೆ.