ಬಂದರಿನಲ್ಲಿ ಕೂಗಿ ಹೇಳಿದ ಇನ್ಸಾಲ್ವೆನ್ಸಿ

"ಹ್ವಾಯ್, ಬಂಗುಡೆ! ಯಾರ್ ಕೂಗ್ತ್ರಿ? ಯಾರ್ ಕೂಗ್ತ್ರಿ?" ಬಂದರಿನಲ್ಲಿ ಏಲಂ ಕೂಗುವವನ ಆ ಒಡಕು ಗಂಟಲು ಈಗಲೂ ನನ್ನ ಕಿವಿಯಲ್ಲಿದೆ. ಆ ದಿನ ನನ್ನ ನಾದಿನಿಯ ಮುಂದೆ ಬಂದಾಗ ಮಾತ್ರ ಅವನು ಸುಮ್ಮನಾಗಿ ಪಕ್ಕದವಳ ಕಡೆ ತಿರುಗಿದ.

ನಾದಿನಿ ಎಂದರೆ ನನ್ನ ಯಜಮಾನರ ತಂಗಿ. ನಾನು ಮದುವೆಯಾಗಿ ಬಂದಂದಿನಿಂದ ನನ್ನ ಕಾನ್ವೆಂಟ್ ಇಂಗ್ಲಿಷನ್ನು ಅಣಕಿಸಿದವಳು. ಅವಳ ಒಣಮೀನಿನ ವ್ಯಾಪಾರ ಮುಳುಗಿತು. ಅವಳೇ ಅರ್ಜಿ ಹಾಕಿದಳು; ಕೋರ್ಟು ಅವಳನ್ನು ‘ಇನ್ಸಾಲ್ವೆಂಟ್’, ಅಂದರೆ ದಿವಾಳಿ, ಎಂದು ಘೋಷಿಸಿತು. ಮದುವೆಮನೆಗಳಲ್ಲಿ ನೆಂಟರು ಆ ಶಬ್ದವನ್ನು ಅಂಟುರೋಗದ ಹೆಸರಿನ ಹಾಗೆ ದನಿ ತಗ್ಗಿಸಿ ಹೇಳತೊಡಗಿದರು. ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ ಸುಳ್ಳು ಹೇಳಿದ ಹುಡುಗಿಯನ್ನು "ಮಾರಲಿ ಇನ್ಸಾಲ್ವೆಂಟ್", ಅಂದರೆ ನೀತಿಯಲ್ಲಿ ದಿವಾಳಿ, ಎನ್ನುತ್ತಿದ್ದರು. ದಿನಬಳಕೆಯ ಇಂಗ್ಲಿಷಿನಲ್ಲಿ ಅದು ಬೈಗುಳವೇ.

ವಕೀಲರು ಹೇಳಿದ ಅರ್ಥ ಬೇರೆ. ಕೊಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಡಲಾಗದ ಒಂದು ಸ್ಥಿತಿ, ಅಷ್ಟೆ. ಗುಣ ಅಲ್ಲ. ದೊಡ್ಡ ಕಂಪನಿಗೆ ಅದೇ ಆದರೆ ಟಿವಿಯಲ್ಲಿ ಟೈ ಕಟ್ಟಿದವರು "ಪ್ರೊಸೆಸ್" ಎನ್ನುತ್ತಾರೆ. ಮೀನು ಮಾರುವವಳಿಗಾದರೆ ಛೀ! ಯಾಕೆ, ನಮ್ಮದು ಪ್ರೊಸೆಸ್ ಅಲ್ಲವಾ?

ಇನ್ಸಾಲ್ವೆಂಟ್ ಆದವರು ಅದನ್ನು ಬಚ್ಚಿಟ್ಟು ಸಾಲ ತೆಗೆದರೆ ಅಪರಾಧ ಎಂದೂ ವಕೀಲರು ಹೇಳಿದ್ದರು.

"ನಾನ್ ಎಲ್ಲಿ ಸಾಲ ಕೇಂತೆ?" ಎಂದಳು ನಾದಿನಿ.

ಬೆಳಿಗ್ಗೆ ಬಾಯಿಮಾತಿನಲ್ಲೇ ಮೀನು ಎತ್ತಿ, ಮಾರಿ, ಸಂಜೆ ದುಡ್ಡು ಮುಟ್ಟಿಸುವುದು ಬಂದರಿನ ರೂಢಿ. ಅದಕ್ಕೆ ಅಲ್ಲಿ ‘ಮಾತು’ ಎನ್ನುತ್ತಾರೆ, ಸಾಲ ಎಂದು ಯಾರೂ ಕರೆದದ್ದಿಲ್ಲ.

"ಅದೇ ಮಾರಾಯ್ತಿ, ಕ್ರೆಡಿಟ್ ಅಂದ್ರೆ!" ಎಂದೆ ನಾನು.

ಅವಳಿಗೆ ಬಂದರು ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಹೇಳಿ ತೆಗೆದರೆ ಅಪರಾಧವೂ ಅಲ್ಲ. ಅದಕ್ಕೇ, ಆ ದಿನ ಏಲಂನವನು ಮುಖ ತಿರುಗಿಸಿದ ಕೂಡಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿಯೇ ಬಿಟ್ಟಳು: "ಹ್ವಾಯ್! ನಾನ್ ಇನ್ಸಾಲ್ವೆಂಟ್! ಕೋರ್ಟೇ ಹೇಳಿತ್ತ್, ಈಗ ನಾನೂ ಹೇಳ್ದೆ. ಇನ್ ಹೇಳ್, ಈ ರಾಶಿ ನಂಗ್ ಕೊಡ್ತ್ಯಾ, ಇಲ್ಯಾ?"

"ಇಂಗ್ಲಿಷ್‌ನಗೆ ಮರ್ಯಾದಿ ಕಳ್ಕಂಡ್ಲ್ ಕಾಣಿ!" ಎಂದು ಒಬ್ಬಳು ನಕ್ಕಳು.

"ನೀನ್ ಕನ್ನಡದಗೇ ಕಳ್ಕಂಡಿದ್ಯಲೆ!" ಎಂದಳು ನಾದಿನಿ.

ಏಲಂನವನಿಗೂ ನಗು ತಡೆಯಲಾಗಲಿಲ್ಲ. "ಓಡಿ ಹೋಪವ್ರ್ ಹೀಂಗೆ ಕೂಗಿ ಹೇಳೂದಿಲ್ಲ. ತಕೋ" ಎಂದು ರಾಶಿಯನ್ನು ಕಾಲಿನಿಂದ ಅವಳ ಕಡೆ ಸರಿಸಿದ. ಮೀನುನೀರು ತಾಗಬಾರದೆಂದು ಅಷ್ಟು ಹೊತ್ತೂ ಸೀರೆ ಎತ್ತಿ ಹಿಡಿದಿದ್ದ ನಾನು ಕೈಬಿಟ್ಟೆ. ನೆನೆದರೆ ನೆನೆಯಲಿ!

ಈಗ ಅವಳಿಲ್ಲ. ಕೊನೆಯ ಸಲ ಅವಳನ್ನು ಕಂಡದ್ದು ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ. ಕೋರ್ಟಿನಿಂದ ಡಿಸ್‌ಚಾರ್ಜ್ ಆಗಿತ್ತು, ಅಂದರೆ ಅವಳು ಇನ್ನು ಇನ್ಸಾಲ್ವೆಂಟ್ ಅಲ್ಲ; ಕಂಗ್ರ್ಯಾಚುಲೇಷನ್ಸ್ ಹೇಳಲೆಂದೇ ಬಸ್ಸು ಹತ್ತಿ ಹೋಗಿದ್ದೆ. ಗಿರಾಕಿಗಳ ನಡುವಿನಿಂದ ತಲೆಯೆತ್ತಿ ನೋಡಿದಳು.

"ಅತ್ತಿಗೇ, ಚೂರ್ ಬದಿಗ್ ನಿಲ್ಲಿ. ಹಿಂದ್ ಇಪ್ಪೋರಿಗೆ ಮೀನ್ ಕಾಂತಿಲ್ಲ."

ಬದಿಗೆ ಸರಿದು ನಿಂತೆ.